ಶರಾಕುವಿನ ನಟಚಿತ್ರಗಳು: ಪ್ರಕಾಶಕನ ಕಡೆಯಿಂದ ಒಂದು ನೋಟ

ತೋಶೂಸಾಯ್ ಶರಾಕು ಎಂಬ ಹೆಸರಿನಲ್ಲಿ ಕಬುಕಿ ನಟರ ಮರದಚ್ಚು ಚಿತ್ರಗಳು ಪ್ರಕಟವಾದದ್ದು ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ; ಅದೂ ಜಪಾನೀ ಪಂಚಾಂಗದ ಪ್ರಕಾರ 1794ರ ಐದನೆಯ ತಿಂಗಳಿನಿಂದ ಮರುವರ್ಷದ ಮೊದಲ ತಿಂಗಳವರೆಗೆ ಮಾತ್ರ. ಅಷ್ಟರಲ್ಲೇ 140ಕ್ಕೂ ಹೆಚ್ಚು ಚಿತ್ರಗಳು ಹೊರಬಂದವು. ಈತ ಯಾರು ಎಂಬ ಚರ್ಚೆಗೆ ಕೊನೆಯೇ ಇರಲಿಲ್ಲ. ಆವಾ ಪ್ರಾಂತ್ಯದ ಪ್ರಭುವಿನ ಆಶ್ರಯದಲ್ಲಿದ್ದ ‘ನೋ’ ನಾಟಕದ ನಟ ಸಾಯ್ತೋ ಜೂರೋಬೇ ಎಂಬ 1844ರ ಉಲ್ಲೇಖವನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆದರೆ ಹೆಸರು ಪತ್ತೆಯಾದರೂ ಚಿತ್ರಗಳು ಏಕೆ ನಿಂತವೆಂಬುದು ತಿಳಿಯುವುದಿಲ್ಲ. ಅದಕ್ಕೆ ಅವುಗಳ ಪ್ರಕಾಶಕ ತ್ಸುತಾಯಾ ಜೂಜಾಬುರೋನನ್ನು ಗಮನಿಸಬೇಕು.

ಕಲಾವಿದ ರೇಖೆ ಬರೆದುಕೊಡುತ್ತಿದ್ದ. ಕೆತ್ತುವವನು, ಅಚ್ಚೊತ್ತುವವನು ಬೇರೆ ಬೇರೆ. ಬಂಡವಾಳ ಹೂಡಿ ಎಲ್ಲರನ್ನೂ ದುಡಿಸುತ್ತಿದ್ದವನು ಪ್ರಕಾಶಕ. ನಟಚಿತ್ರವಂತೂ ನಾಟಕ ನಡೆಯುತ್ತಿರುವಾಗಲೇ ಮಾರಾಟವಾಗಬೇಕಾದ ಸರಕು. 1791ರಲ್ಲಿ ಲೇಖಕ ಸಾಂತೋ ಕ್ಯೋದೆನ್‌ನ ಪುಸ್ತಕಗಳ ದೆಸೆಯಿಂದ ತ್ಸುತಾಯಾ ತನ್ನ ಆಸ್ತಿಯ ಅರ್ಧದಷ್ಟನ್ನು ದಂಡವಾಗಿ ಕಳೆದುಕೊಂಡಿದ್ದ. ರಂಗಭೂಮಿಯ ಸ್ಥಿತಿಯೂ ಚೆನ್ನಾಗಿರಲಿಲ್ಲ: ಎದೋದ ಮೂರು ಮುಖ್ಯ ರಂಗಮಂದಿರಗಳು ಸಾಲದಿಂದ ಮುಚ್ಚಿ, ಮಿಯಾಕೋ-ಜಾ, ಕಿರಿ-ಜಾ, ಕವರಾಸಾಕಿ-ಜಾ ಎಂಬ ಬದಲಿ ಮಂದಿರಗಳು ಪ್ರದರ್ಶನ ನಡೆಸುತ್ತಿದ್ದವು.

ಅಂಥ ಹೊತ್ತಿನಲ್ಲಿ, ಹೊಸ ಕಲಾವಿದನೊಬ್ಬನ 28 ದೊಡ್ಡ ಮುಖಚಿತ್ರಗಳು ಒಮ್ಮೆಗೇ ಬಂದವು. ಹಿನ್ನೆಲೆಗೆ ಕಾಗೆಬಂಗಾರದ ಪುಡಿ ಬೆರೆಸಿದ ಕಪ್ಪು ಹೊಳಪು. ಇದು ದುಬಾರಿ ಕೆಲಸ. ಸಾಮಾನ್ಯವಾಗಿ ತಾರೆಗಳಿಗೆ ಸಲ್ಲಬೇಕಾದ ಮರ್ಯಾದೆ. ಇಲ್ಲಿ ಅದು ಚಿಕ್ಕಪುಟ್ಟ ಪಾತ್ರಧಾರಿಗಳಿಗೂ ಸಂದಿದೆ. ಒಣಕಲು ಮೂತಿಯ ನಕಾಜಿಮಾ ವಾದಾಎಮೊನ್ ಮತ್ತು ದಢೂತಿ ನಕಾಮುರಾ ಕೊನೋಜೋ ಒಂದೇ ಹಾಳೆಯಲ್ಲಿ ಎದುರುಬದುರಾಗಿದ್ದಾರೆ. ಇಂದು ಜಗತ್ಪ್ರಸಿದ್ಧನಾದ ಮೂರನೆಯ ಓತಾನಿ ಓನಿಜಿ ಕೂಡ ಆ ಕಾಲದ ಮೊದಲ ಸಾಲಿನ ನಟನಲ್ಲ. ಎದೋಬೇ ಎಂಬ ಖಳನಾಗಿ ಬೆರಳು ಚಾಚಿ ಮೈಮೇಲೆ ಬೀಳುವಂತೆ ನಿಂತಿದ್ದಾನೆ.

ಸ್ತ್ರೀವೇಷದವರ ವಿಷಯ ಇನ್ನೂ ಸೂಕ್ಷ್ಮ. 1629ರಲ್ಲಿ ಹೆಂಗಸರಿಗೆ ರಂಗ ನಿಷಿದ್ಧವಾದ ಮೇಲೆ ಒನ್ನಗಾತಾ ನಟರು ಬೆಳೆಸಿದ್ದ ಮೋಹಕತೆಯನ್ನು ಚಿತ್ರಕಾರರು ಜತನದಿಂದ ಕಾಯುತ್ತಿದ್ದರು. ಯಾದೊರಿಗಿಯ ಪಾತ್ರದ ಸೆಗಾವಾ ತೊಮಿಸಾಬುರೋನ ಚಿತ್ರದಲ್ಲಿ ಶರಾಕು ಆ ಸೆರಗನ್ನೇ ಸರಿಸುತ್ತಾನೆ: ಗಡುಸು ದವಡೆ, ಕಿರಿದಾದ ಕಣ್ಣು, ಬಣ್ಣದಡಿಯ ಗಂಡಸು. ವಿಡಂಬನೆ ಎಂದು ಕೆಲವರು ಹೇಳುವುದನ್ನು ನಾನು ಒಪ್ಪಲಾರೆ. ಅಭಿನಯದ ದುಡಿಮೆ ಈ ಚಿತ್ರಗಳಲ್ಲಿರುವಷ್ಟು ಬೇರೆಲ್ಲೂ ಕಾಣದು.

ಕೊಳ್ಳುವ ಅಭಿಮಾನಿಗೆ ಬೇಕಾದದ್ದು ಅದಲ್ಲ. ಅದೇ ವರ್ಷ ಇನ್ನೊಬ್ಬ ಪ್ರಕಾಶಕನಿಗಾಗಿ ಉತಾಗಾವಾ ತೊಯೊಕುನಿ ಬರೆದ ಸರಣಿಯಲ್ಲಿ ನಟರು ಪೂರ್ಣಾಕೃತಿಯಲ್ಲಿ, ನೀಟಾಗಿ, ಸುಂದರವಾಗಿ ನಿಂತಿದ್ದಾರೆ. ತ್ಸುತಾಯಾನೂ ಬೇಗ ದಾರಿ ಬದಲಿಸಿದ. ಏಳನೆಯ ತಿಂಗಳಿಂದ ಶರಾಕುವಿನ ನಟರೂ ಪೂರ್ಣಾಕೃತಿಗೆ ಸರಿದರು. ಹೆಚ್ಚಿನವು ಕಿರಿದಾದ ಅಗ್ಗದ ಹಾಳೆಗಳು. ಕೊನೆಕೊನೆಗೆ ರೇಖೆ ಬಿಗಿ ಕಳೆದುಕೊಂಡಿತು, ಅನೇಕ ಹಾಳೆಗಳಲ್ಲಿ ರುಜು ಬರೀ ‘ಶರಾಕು’ ಎಂದು ಮೊಟಕಾಯಿತು. ಅತಿಯಾದ ಯಥಾರ್ಥತೆಯೇ ಈತನಿಗೆ ಮುಳುವಾಯಿತೆಂದು ಸಮಕಾಲೀನ ಲೇಖಕ ಓತಾ ನಾಂಪೋ ಬರೆದಿಟ್ಟ.

ತ್ಸುತಾಯಾ 1797ರಲ್ಲಿ ತೀರಿಕೊಂಡ. ನಟಚಿತ್ರದ ಮಾರುಕಟ್ಟೆ ಮುಂದೆ ಬಹುಕಾಲ ತೊಯೊಕುನಿಯ ಶಿಷ್ಯಪರಂಪರೆಯ ಕೈಯಲ್ಲಿತ್ತು. ಶರಾಕುವಿನ ಮೇಲೆ ಜರ್ಮನ್ ವಿದ್ವಾಂಸ ಜೂಲಿಯಸ್ ಕುರ್ತ್ ಗ್ರಂಥ ಬರೆದದ್ದು 1910ರಲ್ಲಿ. ಆ ಗ್ರಂಥದ ಓದುಗರಾರೂ ತೊಮಿಸಾಬುರೋನ ಅಭಿಮಾನಿಗಳಾಗಿರಲಿಲ್ಲ. ಅವನ ದವಡೆಯಿಂದ ಅವರಿಗೆ ನೋವಾಗಲು ಕಾರಣವೇ ಇರಲಿಲ್ಲ.