ಕರಣಿಕರ ಲೆಕ್ಕದಿಂದ ಕೈಯ ಮೊಬೈಲಿನವರೆಗೆ



ಈ ಬಾರಿಯ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಕೆಲವು ತಿಂಗಳುಗಳ ಹಿಂದೆ ಪಂಚಾಂಗ ತೋರಿಸುವ ಆ್ಯಪ್ ಒಂದನ್ನು ನನ್ನ ಮೊಬೈಲಿಗೆ ಹಾಕಿಕೊಂಡೆ. ಅದು ಏನೇನೋ ಅನುಮತಿ ಕೇಳಿತು. ಕನ್ನಡಕ ಕೈಗೆ ಸಿಗಲಿಲ್ಲವೆಂದು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತಿದೆ. ಆಮೇಲೆ ಅಕ್ಕನ ಮಗಳು ಊರಿಗೆ ಬಂದಾಗ ನೋಡಿ, "ಮಾಮಾ, ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬರುಗಳನ್ನೂ ಇದಕ್ಕೆ ಕೊಟ್ಟುಬಿಟ್ಟಿದ್ದೀರಿ" ಎಂದಳು. ಅದರಲ್ಲಿ ನಿಮ್ಮೆಲ್ಲರ ಹೆಸರು, ಸಂಖ್ಯೆಗಳಿವೆ. ಅದೇ ಸುಮಾರಿಗೆ ನಿಮ್ಮಲ್ಲಿ ಕೆಲವರು ಸಾಲ ಬೇಕೇ ಎಂದು ಯಾರೋ ಪದೇ ಪದೇ ಕರೆ ಮಾಡುತ್ತಿದ್ದಾರೆಂದು ದೂರಿದ್ದಿರಿ. ಇವೆರಡಕ್ಕೂ ಸಂಬಂಧವಿದೆಯೆಂದು ನಾನು ಸಾಧಿಸಲಾರೆ. ಆದರೆ ನೀವು ನನ್ನನ್ನು ನಂಬಿ ಕೊಟ್ಟದ್ದನ್ನು ನಿಮ್ಮನ್ನು ಕೇಳದೆ ಮತ್ತೊಬ್ಬರಿಗೆ ಕೊಟ್ಟೆನೆಂಬುದು ನಿಜ. ಏಕಾದಶಿ ಎಂದು ಬರುತ್ತದೆಂದು ಹೇಳುವುದಕ್ಕೆ ನನ್ನ ವಿದ್ಯಾರ್ಥಿಗಳ ದೂರವಾಣಿ ಸಂಖ್ಯೆ ಏಕೆ ಬೇಕು ಎಂಬ ಪ್ರಶ್ನೆಯನ್ನು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಕ್ಷಮೆಯಿರಲಿ.

ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವನಾದುದರಿಂದ, ಈ ಪ್ರಶ್ನೆಯನ್ನು ನಮ್ಮ ಹಿರಿಯರು ಯಾವಾಗ ಕೇಳಿದರು, ಯಾವಾಗ ಕೇಳಲಾಗಲಿಲ್ಲ ಎಂದು ಹಿಂದಿರುಗಿ ನೋಡುವ ಮನಸ್ಸಾಯಿತು.

ನಮ್ಮ ಹೊಸಪೇಟೆ, ಕಂಪ್ಲಿಗಳ ಸೀಮೆ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ದತ್ತ ಮಂಡಲವೆಂದು ನೀವು ಪಾಠದಲ್ಲಿ ಓದಿದ್ದು ಇದನ್ನೇ. ಇಲ್ಲಿಗೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೂ ಇದ್ದು, ಹಳ್ಳಿ ಹಳ್ಳಿಯ ಹೊಲಗಳನ್ನು ಸರಪಳಿ ಹಿಡಿಸಿ ಅಳೆಯಿಸಿದನು. ಅದುವರೆಗೆ ಊರಿನ ಲೆಕ್ಕವೆಲ್ಲ ಕರಣಿಕರ ವಶದಲ್ಲಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ, ಮಡಚಿ ಮಾಡಿದ ಕಡತದ ಮೇಲೆ ಬಳಪದಿಂದ ಬರೆದಿಡುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬುದು ಆ ಮನೆತನಕ್ಕೆ ಗೊತ್ತು; ಓದು ಬಾರದ ರೈತನಿಗೆ ತನ್ನ ಹೊಲದ ಬಗ್ಗೆ ಏನು ಬರೆದಿದೆಯೆಂಬುದೇ ತಿಳಿಯದು. ಮನ್ರೋನ ಅಳತೆಯಿಂದ ರೈತನ ಹೆಸರು ನೇರವಾಗಿ ಸರ್ಕಾರದ ದಾಖಲೆಗೆ ಬಂದಿತು. ಅದು ಅವನಿಗೆ ಒಂದು ಬಗೆಯ ಆಸರೆಯೂ ಹೌದು. ಆದರೆ ಅಳೆದದ್ದು ಕಂದಾಯಕ್ಕಾಗಿ. ಅಳೆಯಬಹುದೇ ಎಂದು ಯಾರೂ ರೈತನನ್ನು ಕೇಳಲಿಲ್ಲ. ಪುಸ್ತಕ ಕರಣಿಕರ ಮನೆಯಿಂದ ಕಚೇರಿಗೆ ಹೋಯಿತೇ ಹೊರತು ರೈತನ ಕೈಗೆ ಬರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಲು 1961ರಲ್ಲಿ ಕಾಯಿದೆಯಾಯಿತು, ಗ್ರಾಮಲೆಕ್ಕಿಗರು ಬಂದರು. ಪಹಣಿಯೊಂದನ್ನು ಪಡೆಯಲು ಅವರನ್ನು ಹುಡುಕಿಕೊಂಡು ಅಲೆದ ನೆನಪು ನಿಮ್ಮ ತಂದೆಯವರಿಗೆ ಇದ್ದೇ ಇರುತ್ತದೆ. ನಮ್ಮ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಬಂದದ್ದು ಆ ಅಲೆದಾಟವನ್ನು ತಪ್ಪಿಸಲೆಂದು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ದಾಖಲೆ ತಿದ್ದುವ ನೌಕರರು ತಮ್ಮ ಬೆರಳಚ್ಚು ಕೊಟ್ಟ ಬಳಿಕವೇ ಯಂತ್ರ ತೆರೆಯುತ್ತಿತ್ತು. ಬಂದವರ ಕಡೆಗೂ ಒಂದು ಪರದೆಯನ್ನು ತಿರುಗಿಸಿ ಇಟ್ಟಿದ್ದರು. ಏನು ಬರೆಯುತ್ತಿದ್ದಾರೆಂದು ರೈತನೂ ನೋಡಬಹುದಾಗಿತ್ತು. ನನ್ನ ಮಟ್ಟಿಗೆ ಆ ಯೋಜನೆಯ ಅತ್ಯುತ್ತಮ ಅಂಶವೆಂದರೆ ಆ ಪರದೆಯೇ.

ಆದರೆ ಒಂದೆಡೆ ಕೂಡಿಟ್ಟ ಮಾಹಿತಿ ಬಡವನಿಗೆ ಮಾತ್ರ ಉಪಯೋಗವಾಗುತ್ತದೆಂಬ ಭರವಸೆಯಿಲ್ಲ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು, ಭೂಮಿಯ ವಿವರ ಸುಲಭವಾಗಿ ಸಿಗುವಂತಾದುದರಿಂದ ದೊಡ್ಡ ಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿ ಬರೆದರು. ಒಂದು ಕಾರ್ಯಕ್ಕೆಂದು ಕೂಡಿಸಿದ್ದು ಇನ್ನೊಂದಕ್ಕೆ ಬಳಕೆಯಾಗುವುದು ಹೀಗೆ.

ಇನ್ನು ಆಧಾರ್ ವಿಷಯ. 2009ರಲ್ಲಿ ಇದಕ್ಕಾಗಿ ಪ್ರಾಧಿಕಾರವೊಂದನ್ನು ಸ್ಥಾಪಿಸಿ, ಅದರ ಮುಖ್ಯಸ್ಥರನ್ನಾಗಿ ಬೆಂಗಳೂರಿನ ಇನ್ಫೋಸಿಸ್ ಸಾಫ್ಟ್‌ವೇರ್ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿಯವರನ್ನು ನೇಮಿಸಿದರು. ಇದನ್ನು ಕುರಿತು ಪ್ರಶ್ನೆ ಎತ್ತಿದವರೂ ಬೆಂಗಳೂರಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರ ವಯಸ್ಸು 86! ಸಂಸತ್ತಿನಲ್ಲಿ ಕಾಯಿದೆಯೇ ಆಗದೆ ಜನರ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಪಡೆಯುವುದು ಹೇಗೆ ಸರಿ ಎಂಬುದು ಅವರ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಕಾಯಿದೆ ಬಂದದ್ದು 2016ರಲ್ಲಿ.

ವಿಚಾರಣೆಯ ವೇಳೆ ಸರ್ಕಾರದ ಪರ ವಕೀಲರು 1954ರ ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿದರು. ಆದ್ದರಿಂದ ಒಂಬತ್ತು ನ್ಯಾಯಮೂರ್ತಿಗಳ ಪೀಠವನ್ನೇ ರಚಿಸಬೇಕಾಯಿತು. 2017ರ ಆಗಸ್ಟ್ 24ರಂದು ಆ ಪೀಠವು ಖಾಸಗಿತನವು ಜೀವಿಸುವ ಹಕ್ಕಿನ ಅಂಗವೆಂದು ಒಮ್ಮತದಿಂದ ತೀರ್ಪಿತ್ತಿತು. ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಐವರ ಪೀಠವು ನಾಲ್ಕಕ್ಕೆ ಒಂದರ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತಾದರೂ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ, ಶಾಲೆಯ ದಾಖಲಾತಿಗೆ ಅದನ್ನು ಕಡ್ಡಾಯ ಮಾಡಕೂಡದೆಂದಿತು. ಬ್ಯಾಂಕು ಮತ್ತು ದೂರವಾಣಿ ಕಂಪನಿಗಳು ಗ್ರಾಹಕರ ಇಚ್ಛೆಯ ಮೇರೆಗೆ ಅದನ್ನು ಬಳಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಕೇಳುವ ಹಕ್ಕು ನಮಗಿದೆಯೆಂಬುದು ಅವರ ಹೆಸರಿನ ಮೊಕದ್ದಮೆಯಿಂದಲೇ ಸ್ಥಿರವಾಯಿತು.

ಸರ್ಕಾರವನ್ನಾದರೂ ಕೋರ್ಟಿನಲ್ಲಿ ಕೇಳಬಹುದು, ಐದು ವರ್ಷಕ್ಕೊಮ್ಮೆ ಮತದಿಂದ ಕೇಳಬಹುದು. ಸಮುದ್ರದಾಚೆಯ ಸಾಫ್ಟ್‌ವೇರ್ ಕಂಪನಿಯನ್ನು ಕೇಳುವುದು ಹೇಗೆ? ನಮ್ಮ ನಿಮ್ಮ ಗುಂಪುಗಳಿರುವ ವಾಟ್ಸಾಪನ್ನೇ ನೋಡಿರಿ. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2016ರಲ್ಲಿ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ಕಿನೊಡನೆ ಹಂಚಿಕೊಳ್ಳುವುದಾಗಿ ತಿಳಿಸಿ, ಬೇಡವೆನ್ನಲು ಅಲ್ಪ ಕಾಲ ಕೊಟ್ಟಿತು. 2021ರ ನೀತಿಯಲ್ಲಿ ಆ ಆಯ್ಕೆಯೂ ಇಲ್ಲವಾಯಿತು. ಒಪ್ಪಿಕೊಳ್ಳಿ, ಇಲ್ಲವೇ ಬಿಡಿ! ಹೀಗೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಮೆಟಾ ಕಂಪನಿಗೆ 213 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ಇಡೀ ಬಳಗವೇ ಇರುವ ಜಾಗವನ್ನು ಬಿಡಿ ಎಂದರೆ ಯಾರು ತಾನೇ ಬಿಟ್ಟಾರು? ಊರಿಗೆಲ್ಲ ಒಂದೇ ಬಾವಿಯಿರುವಾಗ, ಬೇಡವಾದರೆ ನೀರು ಸೇದಬೇಡಿ ಎಂದಂತಾಯಿತು.

2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಗೆ ಬರುವಂತೆ ವಿಧಿಸಲಾಯಿತು. ಒಪ್ಪಿಗೆಯನ್ನು ಯಾವ ಉದ್ದೇಶಕ್ಕೆಂದು ತಿಳಿಸಿಯೇ ಪಡೆಯಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು, ತಪ್ಪಿದ್ದರೆ ತಿದ್ದಿಸುವ, ಅಳಿಸುವ ಹಕ್ಕಿರಬೇಕು ಎಂದು ಅದು ಹೇಳುತ್ತದೆ. ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆ ನಮಗಿರಬೇಕೆಂದೂ ಹೇಳುತ್ತದೆ. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದೆಂಬ ಅವಕಾಶ ನನಗೆ ಒಪ್ಪಿಗೆಯಿಲ್ಲ. ಆದರೂ ಬಂದವರ ಕಡೆಗೆ ತಿರುಗಿಸಿದ ಆ ಪರದೆಯನ್ನು ಕಂಪನಿಗಳಿಂದಲೂ ಕೇಳುವ ದಾರಿಯಾದರೂ ತೆರೆದಿದೆ.

ಇಷ್ಟನ್ನು ಬರೆಯುವಾಗ ಹಳೆಯದೊಂದು ನೆನಪು ಕೊರೆಯುತ್ತಿದೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ದಿನಗಳಲ್ಲಿ ನಾನು ಹಾಜರಿ ಪುಸ್ತಕ ಹಿಡಿದು, "ಪರಿಶಿಷ್ಟ ಜಾತಿಯವರು ಎದ್ದು ನಿಲ್ಲಿ" ಎನ್ನುತ್ತಿದ್ದೆ. ಎಲ್ಲ ಶಿಕ್ಷಕರೂ ಹಾಗೆಯೇ ಮಾಡುತ್ತಿದ್ದರು; ಅದರಲ್ಲಿ ತಪ್ಪೇನೆಂದು ನನಗೆ ಹೊಳೆದಿರಲಿಲ್ಲ. ಬಹಳ ವರ್ಷಗಳ ಮೇಲೆ ಒಬ್ಬ ಹಳೆಯ ವಿದ್ಯಾರ್ಥಿ ಮನೆಗೆ ಬಂದವನು, ಕಾಫಿ ಕುಡಿಯುತ್ತ ಮೆಲ್ಲನೆ ಹೇಳಿದನು: "ಸರ್, ಆ ವಿದ್ಯಾರ್ಥಿವೇತನದಿಂದಲೇ ನಾನು ಓದಿದ್ದು. ಆದರೆ ಎಲ್ಲರ ಮುಂದೆ ಎದ್ದು ನಿಂತದ್ದನ್ನು ಇನ್ನೂ ಮರೆಯಲಾಗಿಲ್ಲ." ಆ ಮಗುವಿನ ವಿವರವನ್ನು ಸರ್ಕಾರ ಪಡೆದದ್ದು ನೆರವು ನೀಡಲೆಂದು. ಅದನ್ನು ತರಗತಿಗೆಲ್ಲ ಸಾರಿದವನು ನಾನು. ಒಬ್ಬೊಬ್ಬರನ್ನೇ ಕರೆದು ಕೇಳಿದ್ದರೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ.

ಹೀಗಾಗಿ ಕಂಪನಿಗಳನ್ನು ದೂರುವ ಮುನ್ನ ನನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಿದ್ದೇನೆ. ಆ ಪಂಚಾಂಗದ ಆ್ಯಪನ್ನು ತೆಗೆದುಹಾಕಿದ್ದೇನೆ. ಗೋಡೆಯ ಮೇಲೆ ಮತ್ತೆ ಕ್ಯಾಲೆಂಡರ್ ಬಂದಿದೆ. ಕೊಟ್ಟುಹೋದ ಸಂಖ್ಯೆಗಳು ಹಿಂದಿರುಗಲಾರವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮ್ಮಲ್ಲಿ ಅನೇಕರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥ ಆ್ಯಪ್‌ಗಳನ್ನು ಬರೆಯುವವರೇ ಆಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ: ಜನರಿಂದ ಏನನ್ನಾದರೂ ಪಡೆಯುವ ಮುನ್ನ, ಇದು ಈ ಕೆಲಸಕ್ಕೆ ಬೇಕೇ ಎಂದು ನೀವೇ ಒಮ್ಮೆ ಕೇಳಿಕೊಳ್ಳಿ. ನಿಮ್ಮ ಮೇಷ್ಟರು ಕೇಳಿಕೊಳ್ಳದೆ ಹೋದ ಪ್ರಶ್ನೆ ಅದು.



ಚಿತ್ತವಾಡ್ಗಿ, ಹೊಸಪೇಟೆ