ಕೊಲೆಯಾದವರ ಕುಟುಂಬಕ್ಕೆ ಕಾನೂನಿನ ಆಸರೆ

ಕೊಲೆ ನಡೆದ ಮನೆಯಲ್ಲಿ ದಿನಕರ್ಮ ಮುಗಿದು ನೆಂಟರು ಮರಳಿದ ಬಳಿಕವೂ ಠಾಣೆ, ನ್ಯಾಯಾಲಯಗಳ ಅಲೆದಾಟ ಮುಗಿಯುವುದಿಲ್ಲ. ಆರೋಪಿ ಪತ್ತೆಯಾಗದಿದ್ದರೆ ಪರಿಹಾರವೂ ಇಲ್ಲವೆಂದು ಹಲವರು ಕೈಚೆಲ್ಲುತ್ತಾರೆ. ಅದು ತಪ್ಪು ತಿಳಿವಳಿಕೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಂತೆ, ಆರೋಪಿ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೂ ಅವಲಂಬಿತರು ಪರಿಹಾರ ಕೋರಬಹುದು. ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದವರು ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ವಿಚಾರಣೆ ನಡೆಸಿ 2 ತಿಂಗಳೊಳಗೆ ಪ್ರಾಧಿಕಾರ ಪರಿಹಾರ ನೀಡಬೇಕೆಂಬುದು ನಿಯಮ. ಪ್ರಕರಣ ಖುಲಾಸೆಯಲ್ಲಿ ಮುಗಿದರೂ ಪುನರ್ವಸತಿಗಾಗಿ ನ್ಯಾಯಾಲಯ ಶಿಫಾರಸು ಮಾಡಬಹುದು.

ತನಿಖೆಯ ಪ್ರಗತಿಯನ್ನು ಪೊಲೀಸರು 90 ದಿನಗಳೊಳಗೆ ತಿಳಿಸಬೇಕು. ಕಾನೂನು ನೆರವಿಗೆ 15100, ಮಾನಸಿಕ ಆಸರೆಗೆ 14416 ಸಂಖ್ಯೆಗೆ ಕರೆ ಮಾಡಬಹುದು. ಅರ್ಜಿ ಬರೆಯಲು ಜೊತೆಗೂಡುವುದೂ ನೆರೆಹೊರೆಯವರು ಹೇಳುವ ಸಾಂತ್ವನವೇ.