ಪಿಯುಸಿಯಲ್ಲಿ ಯಾವ ಗಣಿತ? ಪಿಸಿಎಂಬಿ, ಬೇಸಿಕ್ ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್ ಬಗ್ಗೆ ಹರಿದಾಡುವ 6 ಮಾತುಗಳು ಎಷ್ಟು ನಿಜ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ಮಂಗಳೂರಿನ ಕೊಡಿಯಾಲಬೈಲ್, ಹಂಪನಕಟ್ಟೆ ಸುತ್ತಮುತ್ತಲ ಪಿಯು ಕಾಲೇಜುಗಳಲ್ಲಿ ಅರ್ಜಿ ಹಿಡಿದವರ ಓಡಾಟ ಶುರುವಾಗುತ್ತದೆ. ಅದೇ ವಾರ ಮನೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಸಲಹೆಗಳ ಮಳೆ. "ಪಿಸಿಎಂಬಿ ತಗೊಂಡ್ರೆ ಸೇಫ್", "ಗಣಿತ ಕಷ್ಟ ಆದ್ರೆ ಬೇಸಿಕ್ ಮ್ಯಾಥ್ಸ್ ಸಾಕು", "ಎಂಜಿನಿಯರಿಂಗ್‌ಗೂ ಈಗ ಗಣಿತ ಬೇಡವಂತೆ" ಎಂಬಂಥ ಮಾತುಗಳು ಒಂದು ಗ್ರೂಪ್‌ನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ.

ಈ ಭಾಗದಲ್ಲಿ ಒತ್ತಡ ತುಸು ಹೆಚ್ಚೇ. ದ್ವಿತೀಯ ಪಿಯು ಫಲಿತಾಂಶದಲ್ಲಿ 2023 ಮತ್ತು 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಹೀಗಿರುವಾಗ ಹದಿನೈದು, ಹದಿನಾರು ವರ್ಷದ ಮಗುವಿನ ಕಾಂಬಿನೇಷನ್ ಅನೇಕ ಮನೆಗಳಲ್ಲಿ ನೆಂಟರ ಮಾತಿನ ಮೇಲೆ ನಿರ್ಧಾರವಾಗಿಬಿಡುತ್ತದೆ. ಎರಡು ವರ್ಷ ಕೂತು ಓದಬೇಕಾದದ್ದು ಮಾತ್ರ ಮಗುವೇ.

ಹಾಗಾದರೆ ಈ ಮಾತುಗಳಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಮೊದಲು ತಿಳಿಯಬೇಕಾದ್ದು: ಪಿಯುಸಿಯಲ್ಲಿ ಎಷ್ಟು ಬಗೆಯ ಗಣಿತ ಇದೆ?

ಕರ್ನಾಟಕ ಪಿಯು ಪಠ್ಯದಲ್ಲಿ ಗಣಿತಕ್ಕೆ ಹತ್ತಿರದ ಮೂರು ವಿಷಯಗಳಿವೆ. ಒಂದು, ವಿಜ್ಞಾನ ವಿಭಾಗದ ಮ್ಯಾಥಮ್ಯಾಟಿಕ್ಸ್. ಎರಡು, ಮುಖ್ಯವಾಗಿ ಕಾಮರ್ಸ್ ವಿದ್ಯಾರ್ಥಿಗಳು ಓದುವ ಬೇಸಿಕ್ ಮ್ಯಾಥ್ಸ್. ಮೂರು, ವಿಜ್ಞಾನ ಮತ್ತು ಕಾಮರ್ಸ್ ಎರಡರಲ್ಲೂ ಸಿಗುವ ಸ್ಟಾಟಿಸ್ಟಿಕ್ಸ್, ಅಂದರೆ ಸಂಖ್ಯಾಶಾಸ್ತ್ರ.

ಮೂರಕ್ಕೂ ಇರುವ ವ್ಯತ್ಯಾಸ ಏನು? ನಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ದಕ್ಕೆಯಲ್ಲಿ ಬಂಗುಡೆಯ ದರ ಹೋದ ವರ್ಷಕ್ಕಿಂತ ಎಷ್ಟು ಏರಿದೆ, ಯಾವ ತಿಂಗಳಲ್ಲಿ ಇಳಿಯುತ್ತದೆ ಎಂದು ಲೆಕ್ಕ ಹಾಕಲು ಸೂಚ್ಯಂಕ, ಕಾಲಶ್ರೇಣಿ ಬೇಕು; ಅದು ಸ್ಟಾಟಿಸ್ಟಿಕ್ಸ್. ಬೋಟಿಗೆ ಮಾಡಿದ ಸಾಲದ ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು ಎಂಬುದು ಬೇಸಿಕ್ ಮ್ಯಾಥ್ಸ್‌ನಲ್ಲಿ ಬರುತ್ತದೆ. ಬೋಟಿನ ವೇಗ ಕ್ಷಣಕ್ಷಣಕ್ಕೂ ಬದಲಾಗುವಾಗ ಅದು ಸಾಗಿದ ದೂರವನ್ನು ಕಂಡುಹಿಡಿಯಲು ಕ್ಯಾಲ್ಕುಲಸ್ ಬೇಕು; ವಿಜ್ಞಾನ ವಿಭಾಗದ ಗಣಿತದ ದೊಡ್ಡ ಪಾಲು ಅದೇ.

ಮಾತು 1: "ಪಿಸಿಎಂಬಿ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತದೆ"

ಅರ್ಧ ಸತ್ಯ. ಅರ್ಹತೆಯ ದೃಷ್ಟಿಯಿಂದ ಮಾತು ಸರಿಯೇ. ಪಿಸಿಎಂಬಿ ಓದಿದವರು ನೀಟ್ ಕೂಡ ಬರೆಯಬಹುದು, ಸಿಇಟಿ, ಜೆಇಇ ಕೂಡ ಬರೆಯಬಹುದು. ಆದರೆ ಅಂಕದ ಲೆಕ್ಕ ಬೇರೆಯೇ.

ನೀಟ್‌ನಲ್ಲಿ ಒಟ್ಟು 720 ಅಂಕ. ಫಿಸಿಕ್ಸ್‌ಗೆ 180, ಕೆಮಿಸ್ಟ್ರಿಗೆ 180, ಬಯಾಲಜಿಗೆ 360. ಗಣಿತಕ್ಕೆ ಸೊನ್ನೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ತಲಾ 60, ಒಟ್ಟು 180. ಇಲ್ಲಿ ಬಯಾಲಜಿಗೆ ಸೊನ್ನೆ. ಅಂದರೆ ಯಾವ ದಾರಿ ಹಿಡಿದರೂ ನಾಲ್ಕರಲ್ಲಿ ಒಂದು ವಿಷಯದ ಎರಡು ವರ್ಷದ ಶ್ರಮ ಆ ರ‍್ಯಾಂಕ್‌ಗೆ ಸೇರುವುದಿಲ್ಲ.

ಇನ್ನೂ ಒಂದು ಸಂಗತಿ ಗಮನಿಸಿ. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಪಿಯುಸಿ ಅಂಕಕ್ಕೂ ಅರ್ಧ ಪಾಲು ಇದೆ. ಒಬ್ಬ ವಿದ್ಯಾರ್ಥಿಗೆ ಪಿಯುಸಿಯ ಪಿಸಿಎಂನಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂತು ಎಂದುಕೊಳ್ಳಿ. ಶೇ 90 ಮತ್ತು ಶೇ 50ರ ಸರಾಸರಿ ಶೇ 70. ಬಯಾಲಜಿಗೆ ಕೊಟ್ಟ ಸಮಯದಿಂದಾಗಿ ಗಣಿತದಲ್ಲಿ ಹಿಂದೆ ಬಿದ್ದರೆ ಪೆಟ್ಟು ಎರಡೂ ಕಡೆ ಬೀಳುತ್ತದೆ.

ಹಾಗೆಂದು ಪಿಸಿಎಂಬಿ ತಪ್ಪಲ್ಲ. ಎರಡೂ ವಿಷಯ ಇಷ್ಟ, ಇನ್ನೂ ತೀರ್ಮಾನ ಆಗಿಲ್ಲ ಎನ್ನುವ ಮಗುವಿಗೆ ಅದು ಒಳ್ಳೆಯ ಆಯ್ಕೆ. ಡಾಕ್ಟರ್ ಆಗಬೇಕೆಂದು ಗಟ್ಟಿಯಾಗಿ ನಿರ್ಧರಿಸಿ, ಗಣಿತದಲ್ಲಿ ದಿನವೂ ಒದ್ದಾಡುತ್ತಿರುವ ಮಗುವಿಗೆ ಅದು "ಸೇಫ್" ಅಲ್ಲ. ಕೆಲವು ಕಾಲೇಜುಗಳಲ್ಲಿ ಗಣಿತದ ಬದಲು ಹೋಮ್ ಸೈನ್ಸ್‌ನಂಥ ವಿಷಯ ಸೇರಿದ ಪಿಸಿಬಿ ಕಾಂಬಿನೇಷನ್ ಇರುತ್ತದೆ. ತಲಪಾಡಿ ದಾಟಿದರೆ ಕಾಸರಗೋಡಿನ ಪ್ಲಸ್ ಟು ಶಾಲೆಗಳಲ್ಲೂ ಇಂಥ ಗುಂಪುಗಳಿವೆ. ಎಲ್ಲ ಕಡೆ ಸಿಗುವುದಿಲ್ಲ, ವಿಚಾರಿಸಬೇಕು.

ಆದರೆ ಒಂದು ಎಚ್ಚರಿಕೆ. ಗಣಿತ ಬಿಟ್ಟರೂ ಫಿಸಿಕ್ಸ್ ಬಿಡುವುದಿಲ್ಲ. ನೀಟ್‌ನ ಫಿಸಿಕ್ಸ್‌ಗೆ ಲಾಗರಿದಮ್, ತ್ರಿಕೋನಮಿತಿ, ವೆಕ್ಟರ್, ಸ್ವಲ್ಪ ಕ್ಯಾಲ್ಕುಲಸ್ ಬೇಕೇ ಬೇಕು. ಅಷ್ಟನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ.

ಮಾತು 2: "ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಬೇಕಾದರೆ ಪಿಸಿಎಂಸಿಯೇ ಆಗಬೇಕು"

ಸುಳ್ಳು. ಎಂಜಿನಿಯರಿಂಗ್ ಅರ್ಹತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೇಳುವುದು ಫಿಸಿಕ್ಸ್ ಮತ್ತು ಗಣಿತ, ಇವುಗಳ ಜೊತೆ ಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಬಯಾಲಜಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಇವುಗಳಲ್ಲಿ ಒಂದು. ಸುರತ್ಕಲ್‌ನ ಎನ್‌ಐಟಿಕೆಗೆ ಬಿಟೆಕ್ ಸೇರಲು ಜೆಇಇ ಮೇನ್ ಬೇಕು. ಅದರಲ್ಲಿರುವುದೂ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮಾತ್ರ. ಪಿಸಿಎಂಬಿ, ಪಿಸಿಎಂಇ, ಪಿಸಿಎಂಎಸ್ ಓದಿದವರೂ ಕಂಪ್ಯೂಟರ್ ಸೈನ್ಸ್ ಸೀಟಿಗೆ ಸಮಾನ ಅರ್ಹರು.

ಹಾಗಾಗಿ ನಾಲ್ಕನೇ ವಿಷಯವನ್ನು ಮಗುವಿನ ಆಸಕ್ತಿ ನೋಡಿ ಆರಿಸಿ. ಡೇಟಾ ಸೈನ್ಸ್ ಕಡೆ ಒಲವಿದ್ದರೆ ಪಿಸಿಎಂಎಸ್‌ನಲ್ಲಿ ಕಲಿಯುವ ಸಂಭವನೀಯತೆ, ಸಂಖ್ಯಾಶಾಸ್ತ್ರ ಮುಂದೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮಾತು 3: "ಬೇಸಿಕ್ ಮ್ಯಾಥ್ಸ್ ಅಂದರೆ ಸುಲಭದ ಗಣಿತ"

ಹೆಸರು ದಾರಿ ತಪ್ಪಿಸುತ್ತದೆ. ಪಠ್ಯಪುಸ್ತಕ ತೆರೆದು ನೋಡಿದರೆ ಮ್ಯಾಟ್ರಿಕ್ಸ್, ಕ್ರಮಯೋಜನೆ ಮತ್ತು ವಿಕಲ್ಪ, ಲೀನಿಯರ್ ಪ್ರೋಗ್ರಾಮಿಂಗ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎಲ್ಲವೂ ಇವೆ. ಜೊತೆಗೆ ಬಿಲ್ ಡಿಸ್ಕೌಂಟಿಂಗ್, ಷೇರು ಲೆಕ್ಕದಂಥ ವ್ಯಾಪಾರದ ಅಧ್ಯಾಯಗಳು. ವಿಜ್ಞಾನದ ಗಣಿತದಷ್ಟು ಆಳ ಇಲ್ಲ, ನಿಜ. ಆದರೆ ಹತ್ತನೇ ತರಗತಿಯ ಗಣಿತವೇ ಭಾರವಾಗಿದ್ದವರು "ಬೇಸಿಕ್" ಎಂಬ ಪದ ನೋಡಿ ಸೇರಿದರೆ ಮೊದಲ ಟೆಸ್ಟ್‌ನಲ್ಲೇ ಕಂಗಾಲಾಗಬಹುದು.

ಇದರ ಉಲ್ಟಾ ತಪ್ಪು ಕಲ್ಪನೆಯೂ ಇದೆ: ಬೇಸಿಕ್ ಮ್ಯಾಥ್ಸ್ ಓದಿದ್ದರೆ ಮುಂದೆ ಮನಸ್ಸು ಬದಲಾದರೂ ಎಂಜಿನಿಯರಿಂಗ್‌ಗೆ ಹೋಗಬಹುದು ಎಂಬುದು. ಆಗುವುದಿಲ್ಲ. ಕಾಮರ್ಸ್‌ನಲ್ಲಿ ಫಿಸಿಕ್ಸ್ ಇಲ್ಲ. ಫಿಸಿಕ್ಸ್ ಇಲ್ಲದೆ ಆ ಅರ್ಹತೆಯೇ ಬರುವುದಿಲ್ಲ.

ಮಾತು 4: "ಸಿಎ ಮಾಡಲು ಗಣಿತ ಬೇಡ"

ಅರ್ಧ ಸತ್ಯ. ಸಿಎ ಫೌಂಡೇಶನ್ ಪರೀಕ್ಷೆ ಬರೆಯಲು ಪಿಯುಸಿಯಲ್ಲಿ ಗಣಿತ ಓದಿರಲೇಬೇಕೆಂಬ ನಿಯಮ ಇಲ್ಲ. ಕಲಾ ವಿಭಾಗದವರೂ ಬರೆಯಬಹುದು. ಆದರೆ ಆ ಪರೀಕ್ಷೆಯ ನಾಲ್ಕು ಪತ್ರಿಕೆಗಳಲ್ಲಿ ಒಂದು, 100 ಅಂಕದ್ದು, ಪೂರ್ತಿ ಬಿಸಿನೆಸ್ ಮ್ಯಾಥ್ಸ್, ಲಾಜಿಕಲ್ ರೀಸನಿಂಗ್ ಮತ್ತು ಸ್ಟಾಟಿಸ್ಟಿಕ್ಸ್. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ 40, ಒಟ್ಟಾರೆ ಶೇ 50 ಬೇಕು.

ಹಾಗಾಗಿ ಸಿಎ ಗುರಿ ಇರುವವರಿಗೆ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟಾಟಿಸ್ಟಿಕ್ಸ್ ಎರಡರಲ್ಲಿ ಒಂದಾದರೂ ಇದ್ದರೆ ಮುಂದಿನ ಹೊರೆ ಕಡಿಮೆ. ಅರ್ಥಶಾಸ್ತ್ರದ ಕನಸಿದ್ದರಂತೂ ಗಣಿತ ಬಿಡುವ ಮೊದಲು ಎರಡು ಸಲ ಯೋಚಿಸಿ. ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಎಕನಾಮಿಕ್ಸ್‌ಗೆ ಗಣಿತ ಕಡ್ಡಾಯ.

ಮಾತು 5: "ಎಂಜಿನಿಯರಿಂಗ್‌ಗೆ ಈಗ ಗಣಿತ ಕಡ್ಡಾಯ ಅಲ್ಲ"

ದಾರಿ ತಪ್ಪಿಸುವ ಮಾತು. ಇದಕ್ಕೆ ಮೂಲ ಇದೆ. 2021ರ ಮಾರ್ಚ್‌ನಲ್ಲಿ ಎಐಸಿಟಿಇ ತನ್ನ ಕೈಪಿಡಿಯಲ್ಲಿ 14 ವಿಷಯಗಳ ಪಟ್ಟಿ ಕೊಟ್ಟು, ಅದರಲ್ಲಿ ಯಾವುದಾದರೂ ಮೂರು ಓದಿದ್ದರೆ ಸಾಕು ಎಂದಿತ್ತು. ದೇಶವ್ಯಾಪಿ ಚರ್ಚೆಯಾದಾಗ, ಇದು ಕಡ್ಡಾಯವಲ್ಲ, ರಾಜ್ಯಗಳು ಮತ್ತು ವಿಶ್ವವಿದ್ಯಾಲಯಗಳ ತೀರ್ಮಾನಕ್ಕೆ ಬಿಟ್ಟದ್ದು ಎಂದು ಸ್ಪಷ್ಟನೆ ಬಂತು. ಸುದ್ದಿಯ ಮೊದಲ ಭಾಗ ಮಾತ್ರ ಫಾರ್ವರ್ಡ್ ಆಗುತ್ತಾ ಉಳಿಯಿತು. ಕರ್ನಾಟಕದ ಸಿಇಟಿಯಲ್ಲಿ ಎಂಜಿನಿಯರಿಂಗ್‌ಗೆ ಫಿಸಿಕ್ಸ್, ಗಣಿತ ಎರಡೂ ಬೇಕು ಎಂಬ ನಿಯಮ ಹಾಗೆಯೇ ಇದೆ.

ಮಾತು 6: "ಸಿಬಿಎಸ್‌ಇ ಹತ್ತರಲ್ಲಿ ಬೇಸಿಕ್ ತೆಗೆದುಕೊಂಡರೆ ವಿಜ್ಞಾನದ ಬಾಗಿಲು ಮುಚ್ಚಿತು"

ಪೂರ್ತಿ ನಿಜವಲ್ಲ. 2020ರ ಪರೀಕ್ಷೆಯಿಂದ ಸಿಬಿಎಸ್‌ಇ ಹತ್ತನೇ ತರಗತಿಗೆ ಸ್ಟಾಂಡರ್ಡ್, ಬೇಸಿಕ್ ಎಂಬ ಎರಡು ಗಣಿತ ಪತ್ರಿಕೆ ತಂದಿತು. ಪಾಠ ಒಂದೇ, ಪ್ರಶ್ನೆಗಳ ಕಷ್ಟದ ಮಟ್ಟ ಬೇರೆ. ಬೇಸಿಕ್ ಬರೆದವರು ಹನ್ನೊಂದರಲ್ಲಿ ಮ್ಯಾಥಮ್ಯಾಟಿಕ್ಸ್ ತೆಗೆದುಕೊಳ್ಳುವಂತಿಲ್ಲ ಎಂಬುದು ಮೂಲ ನಿಯಮ. ಆದರೆ ಮಂಡಳಿ ಅನಂತರದ ವರ್ಷಗಳಲ್ಲಿ ಇದನ್ನು ಸಡಿಲಿಸಿದೆ. ನಿಮ್ಮ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ. ಸಿಬಿಎಸ್‌ಇಯಿಂದ ಪಿಯುಗೆ ಬರುವವರು ಸೇರಬೇಕೆಂದಿರುವ ಕಾಲೇಜಿನಲ್ಲೇ ವಿಚಾರಿಸಿ.

ಇದರ ಜೊತೆ ಗೊಂದಲವಾಗುವ ಇನ್ನೊಂದು ವಿಷಯ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್. 2020-21ರಿಂದ ಹನ್ನೊಂದನೇ ತರಗತಿಗೆ ಬಂದ ಇದು ಕಾಮರ್ಸ್, ಸಮಾಜ ವಿಜ್ಞಾನದವರಿಗೆಂದು ರೂಪಿಸಿದ್ದು. ಎಂಜಿನಿಯರಿಂಗ್ ಗುರಿ ಇದ್ದರೆ ಮ್ಯಾಥಮ್ಯಾಟಿಕ್ಸ್ ವಿಷಯವನ್ನೇ ಆರಿಸಿಕೊಳ್ಳಬೇಕು.

ಗಣಿತ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ?

ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಎರಡಕ್ಕೂ ಫಿಸಿಕ್ಸ್ ಜೊತೆ ಗಣಿತ ಬೇಕು. ಬಂದರು ನಗರದ ಮಕ್ಕಳಿಗೆ ಆಸೆ ಹುಟ್ಟಿಸುವ ಮರ್ಚೆಂಟ್ ನೇವಿಯ ನಾಟಿಕಲ್ ಸೈನ್ಸ್, ಮರೈನ್ ಎಂಜಿನಿಯರಿಂಗ್ ಕೋರ್ಸ್‌ಗಳಿಗೂ ಪಿಸಿಎಂ ಬೇಕು. ಎನ್‌ಡಿಎಯಲ್ಲಿ ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು, ಆದರೆ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದೇ.

ತೆರೆದೇ ಇರುವ ಬಾಗಿಲುಗಳು: ಎಂಬಿಬಿಎಸ್, ಡೆಂಟಲ್, ಆಯುರ್ವೇದಕ್ಕೆ ಗಣಿತ ಬೇಡ. ಬಿ ಫಾರ್ಮಾಗೆ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಬಯಾಲಜಿ ಇದ್ದರೂ ಸಾಕು. ಕಾನೂನು, ಪತ್ರಿಕೋದ್ಯಮಕ್ಕೂ ಗಣಿತದ ಷರತ್ತಿಲ್ಲ.

ಗಣಿತ ಓದಿ ಬಯಾಲಜಿ ಬಿಟ್ಟವರಿಗೆ ಒಂದು ದಾರಿ ಉಳಿದಿದೆ. ಹನ್ನೆರಡನೇ ತರಗತಿ ಮುಗಿಸಿದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿದೆ. ಆದರೆ ಹೀಗೆ ಹಿಂದಿರುಗಿ ಬರುವುದಕ್ಕೆ ಸಮಯ, ಹಣ ಎರಡೂ ಖರ್ಚಾಗುತ್ತವೆ.

ಹಾಗಾದರೆ ನಿರ್ಧರಿಸುವುದು ಹೇಗೆ?

1. ಕೋರ್ಸ್‌ನಿಂದ ಹಿಂದಕ್ಕೆ ಬನ್ನಿ. ಮಗುವಿಗೆ ಇಷ್ಟವಿರುವ ಎರಡು ಮೂರು ಕೋರ್ಸ್ ಬರೆದು, ಪ್ರತಿಯೊಂದರ ಅರ್ಹತೆಯನ್ನು ಆಯಾ ಪ್ರಾಧಿಕಾರದ ಅಧಿಕೃತ ಮಾಹಿತಿ ಪುಸ್ತಕದಲ್ಲಿ ಓದಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು.

2. ಪುಸ್ತಕ ತೆರೆದು ನೋಡಿ. ಮೂರೂ ವಿಷಯಗಳ ಪ್ರಥಮ ಪಿಯು ಪುಸ್ತಕ ಸಂಪಾದಿಸಿ, ಒಂದೊಂದು ಅಧ್ಯಾಯವನ್ನು ಮಗುವೇ ಓದಲಿ. ಅರ್ಥವಾಗದಿದ್ದರೂ ಪರವಾಗಿಲ್ಲ, ಕುತೂಹಲ ಹುಟ್ಟಿತೇ ಎಂಬುದು ಮುಖ್ಯ.

3. ಎಸ್‌ಎಸ್‌ಎಲ್‌ಸಿ ಅಂಕವೊಂದನ್ನೇ ನಂಬಬೇಡಿ. ಬಾಯಿಪಾಠದಿಂದ 95 ಬಂದಿರಬಹುದು, ಅರ್ಥ ಮಾಡಿಕೊಂಡು 75 ಬಂದಿರಬಹುದು. ಯಾವುದು ಎಂದು ಹೇಳಬಲ್ಲವರು ಗಣಿತ ಪಾಠ ಮಾಡಿದ ಮೇಷ್ಟ್ರು. ಅವರನ್ನೊಮ್ಮೆ ಕೇಳಿ.

4. ಬದಲಾವಣೆಗೆ ಅವಕಾಶ ಇದೆಯೇ ಎಂದು ಸೇರುವ ದಿನವೇ ಕಾಲೇಜಿನಲ್ಲಿ ವಿಚಾರಿಸಿ. ತರಗತಿ ಮುಂದುವರಿದ ಮೇಲೆ ಕಾಂಬಿನೇಷನ್ ಬದಲಿಸುವುದು ಕಷ್ಟ.

5. ನಿಜವಾಗಿ ಗೊಂದಲವಿದ್ದರೆ, ಗಣಿತದ ಭಯ ವಿಪರೀತ ಇಲ್ಲದಿದ್ದರೆ, ಗಣಿತ ಉಳಿಸಿಕೊಳ್ಳುವುದು ಒಳ್ಳೆಯದು. ಮುಂದೆ ಬೇಡವೆನಿಸಿದರೆ ಬಿಡಬಹುದು. ಬಿಟ್ಟದ್ದನ್ನು ಮತ್ತೆ ಪಡೆಯುವುದು ಕಷ್ಟ. ಆದರೆ ಗಣಿತವೆಂದರೆ ನಿದ್ದೆಗೆಡುವ, ಬೇರೆ ಗುರಿ ಸ್ಪಷ್ಟವಾಗಿರುವ ಮಗುವಿಗೆ ಈ ಮಾತು ಅನ್ವಯಿಸುವುದಿಲ್ಲ. ಗಣಿತ ಬಿಟ್ಟವರು ದಡ್ಡರು ಎಂಬುದೂ ಒಂದು ಸುಳ್ಳು ನಂಬಿಕೆಯೇ.

ನಮ್ಮ ತೀರ್ಮಾನ

"ಎಲ್ಲರಿಗೂ ಪಿಸಿಎಂಬಿ ಒಳ್ಳೆಯದು", "ಬೇಸಿಕ್ ಮ್ಯಾಥ್ಸ್ ಸುಲಭ", "ಎಂಜಿನಿಯರಿಂಗ್‌ಗೆ ಗಣಿತ ಬೇಡ" ಇವು ಯಾವುವೂ ಹಾಗೆಯೇ ನಂಬಬಹುದಾದ ಮಾತುಗಳಲ್ಲ. ಯಾವ ಗಣಿತ ಎಂಬ ಪ್ರಶ್ನೆಗೆ ಉತ್ತರ ಮುಂದೆ ಓದಬೇಕೆಂದಿರುವ ಕೋರ್ಸ್‌ನ ಅರ್ಹತಾ ನಿಯಮದಲ್ಲೂ ಓದುವ ಮಗುವಿನ ಒಲವಿನಲ್ಲೂ ಇದೆ. ನಿಮ್ಮ ಗ್ರೂಪ್‌ಗೆ ಇಂಥ ಸಂದೇಶ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಹಾಕಿ: ಯಾವ ಕೋರ್ಸ್‌ಗೆ, ಯಾವ ವರ್ಷದ ನಿಯಮ ಇದು? ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿ.